ದುರಂತದಲ್ಲಿ ತಂದೆ-ತಾಯಿಯನ್ನು ಕಳೆದುಕೊಂಡ ಮಕ್ಕಳ ಪರಿಹಾರ: ನ್ಯಾಯವಾಗಿ ಲೆಕ್ಕ ಹಾಕುವ, ಹಂಚುವ, ಕಾಪಾಡುವ ಕ್ರಮ

ಬಸ್ಸು ಉರುಳಿಯೋ ಬೆಂಕಿ ಹೊತ್ತಿಯೋ ಮನೆಯ ದುಡಿಯುವ ಜೀವ ಹೋದ ಮೇಲೆ ಪರಿಹಾರಕ್ಕೆ ಅರ್ಜಿ ಹಾಕುವ ಕುಟುಂಬಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತವೆ. ಅರ್ಜಿಯಲ್ಲಿ ಹೆಂಡತಿಯ ಹೆಸರಿರುತ್ತದೆ, ಮಕ್ಕಳ ಹೆಸರಿರುವುದಿಲ್ಲ. ಇದ್ದರೂ ಶಾಲೆಗೆ ಹೋಗುವ ದೊಡ್ಡ ಮಗುವಿನದು ಮಾತ್ರ. ಏಕೆಂದು ಕೇಳಿದರೆ, ‘ಸಣ್ಣವರ ಹೆಸರು ಹಾಕಿದರೆ ದುಡ್ಡು ಬ್ಯಾಂಕಿನಲ್ಲಿ ಕೂತುಬಿಡುತ್ತದೆಯಂತೆ’ ಎಂಬ ಉತ್ತರ ಬರುತ್ತದೆ. ಹೀಗೆ ಬಿಟ್ಟ ಒಂದು ಹೆಸರು ಆ ಮಗುವಿನ ಪಾಲನ್ನು ಕಳೆಯುವುದಲ್ಲದೆ ಇಡೀ ಕುಟುಂಬಕ್ಕೆ ಬರಬೇಕಾದ ಮೊತ್ತವನ್ನೇ ಲಕ್ಷಗಟ್ಟಲೆ ಇಳಿಸುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕ್ಲೇಮು ಅರ್ಜಿಗಳನ್ನು ಹಲವು ವರ್ಷ ಬರೆದ ಅನುಭವದಿಂದ ಈ ಕ್ರಮವನ್ನು ಇಲ್ಲಿ ಬಿಡಿಸಿ ಇಟ್ಟಿದ್ದೇನೆ. ಹೆಚ್ಚಿನ ವಿವರ ರಸ್ತೆ ದುರಂತದ್ದು. ಉಳಿದ ದುರಂತಗಳಲ್ಲಿ ಲೆಕ್ಕ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಮೊದಲ ಹಂತದಲ್ಲಿ ಹೇಳಿದೆ.

ಹಂತ 1: ಯಾವ ಕಾನೂನಿನಡಿ ಕೇಳಬೇಕೆಂದು ಮೊದಲು ತೀರ್ಮಾನಿಸಿ

ಎರಡು ಬಗೆಯ ಹಣವನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಸರ್ಕಾರ ಕೊಡುವ ನೆರವು. ಇದಕ್ಕೆ ಯಾರ ತಪ್ಪನ್ನೂ ಸಾಬೀತುಪಡಿಸಬೇಕಿಲ್ಲ, ಮೊತ್ತ ಒಂದು ಸಾವಿಗೆ ಇಂತಿಷ್ಟೆಂದು ಗೊತ್ತುಮಾಡಿದ್ದು. ನೆರೆ, ಭೂಕುಸಿತದಂಥ ಪ್ರಕೃತಿ ವಿಕೋಪದಲ್ಲಿ ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಒಂದು ಸಾವಿಗೆ 4 ಲಕ್ಷ ರೂಪಾಯಿ. ಮೃತರಿಗೆ ಒಂದು ಮಗುವಿದ್ದರೂ ನಾಲ್ಕು ಮಕ್ಕಳಿದ್ದರೂ ಇದು ಬದಲಾಗುವುದಿಲ್ಲ. ತಂದೆ-ತಾಯಿ ಇಬ್ಬರೂ ತೀರಿದ್ದರೆ ಎರಡು ಸಾವಿಗೆ ಎರಡು ಮೊತ್ತ ಎಂಬುದನ್ನು ಮಾತ್ರ ಮರೆಯಬಾರದು. ಇನ್ನೊಂದು, ತಪ್ಪಿತಸ್ಥರಿಂದ ಅಥವಾ ಅವರ ವಿಮಾ ಕಂಪನಿಯಿಂದ ಬರುವ ನಷ್ಟಪರಿಹಾರ. ಮೊದಲನೆಯದನ್ನು ಪಡೆದರೆ ಎರಡನೆಯದರ ಹಕ್ಕು ಹೋಗುವುದಿಲ್ಲ. ತಹಶೀಲ್ದಾರರ ಕಚೇರಿಯಿಂದ ಚೆಕ್ ಬಂದ ದಿನವೇ ‘ಪರಿಹಾರ ಬಂತು, ಮುಗಿಯಿತು’ ಎಂದುಕೊಳ್ಳುವುದು ನಾನು ಅತಿ ಹೆಚ್ಚು ಕಂಡ ತಪ್ಪು.

ರಸ್ತೆ ದುರಂತವಾದರೆ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ತೀರಿಕೊಂಡರು. 2018ರ ನವೆಂಬರ್ 24ರಂದು ಮಂಡ್ಯದ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ಇಂಥ ದುರಂತ ಬೇರೆ ರಾಜ್ಯದಲ್ಲಿ ನಡೆದಿದ್ದರೂ ಕುಟುಂಬ ಅಲ್ಲಿಗೆ ಅಲೆಯಬೇಕಿಲ್ಲ, ತಾವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಈ ಅರ್ಜಿಗಳು ಲಘು ವ್ಯಾಜ್ಯ ನ್ಯಾಯಾಲಯದ ಮುಂದೆ ಬರುತ್ತವೆ. ತಿದ್ದುಪಡಿಯಾದ ಕಾಯ್ದೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆನ್ನುತ್ತದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೂ ಅದನ್ನು ನೆಚ್ಚಿಕೊಂಡು ಕೂರಬೇಡಿ, ಬಡ್ಡಿ ಲೆಕ್ಕವಾಗುವುದೂ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ.

ರೈಲು ದುರಂತದಲ್ಲಿ ಸಾವಿಗೆ 8 ಲಕ್ಷ ರೂಪಾಯಿ ನಿಗದಿಯಾಗಿದೆ, ರೈಲ್ವೆ ಕ್ಲೇಮು ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ಅಲ್ಲಿ ಮಕ್ಕಳ ಪ್ರಶ್ನೆ ಬರುವುದು ಹಂಚಿಕೆಯಲ್ಲಿ ಮಾತ್ರ. ಅಂತಾರಾಷ್ಟ್ರೀಯ ವಿಮಾನಯಾನಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ದಾವೆಗೆ ಎರಡು ವರ್ಷದ ಮಿತಿಯಿದೆ. ಕೆಲಸದ ವೇಳೆಯಲ್ಲೇ ವಾಹನ ಅಪಘಾತವಾಗಿ ತೀರಿಕೊಂಡ ಚಾಲಕ, ಕ್ಲೀನರ್ ಮುಂತಾದವರ ಕುಟುಂಬ ನೌಕರರ ಪರಿಹಾರದ ಕಾನೂನು ಅಥವಾ ಮೋಟಾರು ವಾಹನ ಕಾಯ್ದೆ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಮೊದಲನೆಯದರಲ್ಲಿ ಹಣ ಬೇಗ ಬರಬಹುದು, ಆದರೆ ಅಲ್ಲಿ ಕೂಲಿಯ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಕ್ಕಳು ಎಷ್ಟು ಎಂಬುದಕ್ಕೂ ಮೊತ್ತಕ್ಕೂ ಅಲ್ಲಿ ಸಂಬಂಧವಿಲ್ಲ. ಚಿಕ್ಕ ಮಕ್ಕಳಿರುವ ಕುಟುಂಬ ಎರಡೂ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡದೆ ಸಹಿ ಮಾಡಬಾರದು.

ಹಂತ 2: ಕಾಗದಪತ್ರಗಳನ್ನು ಈ ಕ್ರಮದಲ್ಲಿ ಕೂಡಿಸಿ

ಪೊಲೀಸ್ ಠಾಣೆಯಿಂದ ಎಫ್‌ಐಆರ್ ಮತ್ತು ದೂರಿನ ಪ್ರತಿ, ಸ್ಥಳ ಮಹಜರು, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಆ ಮೇಲೆ ದೋಷಾರೋಪ ಪಟ್ಟಿ. ವಾಹನದ ಆರ್‌ಸಿ, ವಿಮಾ ಪಾಲಿಸಿ, ಚಾಲಕನ ಲೈಸೆನ್ಸ್ ಇವುಗಳ ಪ್ರತಿಯೂ ತನಿಖಾಧಿಕಾರಿಯ ಬಳಿ ಇರುತ್ತವೆ. 2022ರ ನಿಯಮಗಳಂತೆ ತನಿಖಾಧಿಕಾರಿ ಅಪಘಾತದ ವರದಿಯನ್ನು ನ್ಯಾಯಮಂಡಳಿಗೆ ಸ್ವತಃ ಸಲ್ಲಿಸಬೇಕು, ಅದರಲ್ಲಿ ಮೃತರ ಅಪ್ರಾಪ್ತ ಮಕ್ಕಳ ವಿವರಕ್ಕೆಂದೇ ಒಂದು ನಮೂನೆಯಿದೆ. ಅದನ್ನು ತುಂಬಿದ್ದಾರೆಯೇ, ಎಲ್ಲ ಮಕ್ಕಳ ಹೆಸರೂ ಬಂದಿದೆಯೇ ಎಂದು ಠಾಣೆಯಲ್ಲಿ ಕೇಳಿ ನೋಡಿಕೊಳ್ಳಿ.

ಮನೆಯ ಕಡೆಯಿಂದ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಪಡಿತರ ಚೀಟಿ, ಪ್ರತಿ ಮಗುವಿನ ಜನನ ಪ್ರಮಾಣಪತ್ರ ಬೇಕು. ಅಂಗನವಾಡಿಯ ವಯಸ್ಸಿನ ಕೂಸಿಗೆ ಜನನ ಪ್ರಮಾಣಪತ್ರವನ್ನೇ ಮಾಡಿಸಿರದಿದ್ದರೆ ಮೊದಲು ಆ ಕೆಲಸ ಮುಗಿಸಿ. ವಂಶವೃಕ್ಷದಲ್ಲಿ ಹೆಸರು ಬಿಟ್ಟುಹೋದರೆ ಮುಂದೆ ಪ್ರತಿಯೊಂದು ಕಚೇರಿಯಲ್ಲೂ ಅದೇ ಕೊರತೆ ಮುಂದುವರಿಯುತ್ತದೆ. ಮೃತರ ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಹುಡುಕಿ ತೆಗೆಯಿರಿ. ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮ ದಿನಾಂಕಕ್ಕೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಇಂಥದೇ ಪರಿಹಾರದ ಪ್ರಕರಣದಲ್ಲಿ ಹೇಳಿದೆ. ಎರಡು ವರ್ಷದ ವ್ಯತ್ಯಾಸ ಎಷ್ಟು ಹಣಕ್ಕೆ ಸಮ ಎಂಬುದು ಐದನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಆಶ್ರಿತರ ಪಟ್ಟಿಯಲ್ಲಿ ಒಂದು ಮಗುವನ್ನೂ ಬಿಡಬೇಡಿ

ಹುಟ್ಟಿದ ಮಕ್ಕಳು, ದತ್ತು ಮಕ್ಕಳು, ಮೊದಲ ಹೆಂಡತಿಯ ಮಕ್ಕಳು, ತಂದೆ ತೀರಿದಾಗ ತಾಯಿಯ ಗರ್ಭದಲ್ಲಿದ್ದ ಕೂಸು, ಇವರೆಲ್ಲರೂ ಅರ್ಜಿದಾರರಾಗಬೇಕು. ಕೂಸು ಹುಟ್ಟುವ ಮುನ್ನವೇ ಅರ್ಜಿ ಹೋಗಿದ್ದರೆ ಹೆರಿಗೆಯಾದ ಕೂಡಲೇ ಹೆಸರು ಸೇರಿಸಲು ತಿದ್ದುಪಡಿ ಅರ್ಜಿ ಕೊಡಿ. ಮದುವೆಯಾದ ಮಗಳ ಹೆಸರು ಬೇಡವೆಂಬ ಮಾತನ್ನು ಒಪ್ಪಬೇಡಿ. ಕಾನೂನುಬದ್ಧ ವಾರಸುದಾರಳಾಗಿ ಅವಳು ಅರ್ಜಿದಾರಳಾಗಬಹುದು, ಎಷ್ಟರಮಟ್ಟಿಗೆ ಆಶ್ರಿತಳಾಗಿದ್ದಳು ಎಂಬುದನ್ನು ನ್ಯಾಯಮಂಡಳಿ ನೋಡಿಕೊಳ್ಳುತ್ತದೆ. ಮೃತರು ಎರಡು ಸಂಸಾರ ನಡೆಸುತ್ತಿದ್ದರೆ ಆ ಮಕ್ಕಳನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ಅವರು ಪ್ರತ್ಯೇಕ ಅರ್ಜಿ ಹಾಕಿದ ದಿನ ಇಡೀ ಪ್ರಕರಣ ನಿಂತುಹೋಗುತ್ತದೆ, ಮಕ್ಕಳೆಂಬ ಹಕ್ಕು ಅವರಿಗೂ ಇದೆ.

ಅಪ್ರಾಪ್ತ ಮಗುವಿನ ಪರವಾಗಿ ವಾದಮಿತ್ರರಾಗಿ, ಅಂದರೆ ಮಗುವಿನ ಬದಲು ಪ್ರಕರಣ ನಡೆಸುವವರಾಗಿ, ಸಾಮಾನ್ಯವಾಗಿ ತಾಯಿ ನಿಲ್ಲುತ್ತಾಳೆ. ಇಬ್ಬರೂ ಇಲ್ಲವಾದಾಗ ಅಜ್ಜ-ಅಜ್ಜಿ, ಸೋದರಮಾವ, ದೊಡ್ಡಪ್ಪ, ಯಾರ ಮನೆಯಲ್ಲಿ ಮಗು ನಿಜವಾಗಿ ಬೆಳೆಯುತ್ತಿದೆಯೋ ಅವರು ನಿಲ್ಲುವುದು ಸರಿ. ಇಲ್ಲಿ ಒಂದು ವಿಷಯವನ್ನು ನೇರವಾಗಿ ಹೇಳಬೇಕು. ವಾದಮಿತ್ರರು ತಾವೂ ಅದೇ ಪರಿಹಾರದಲ್ಲಿ ಪಾಲು ಕೇಳುತ್ತಿದ್ದರೆ, ಮಗುವಿನ ಪಾಲು ಕಡಿಮೆಯಾದಷ್ಟೂ ಅವರ ಪಾಲು ಹೆಚ್ಚಾಗುತ್ತದೆ. ಸೊಸೆಗೂ ಅತ್ತೆ-ಮಾವಂದಿರಿಗೂ ಮಾತು ನಿಂತಿದ್ದರೆ, ಅಥವಾ ತಾಯಿ ಮರುಮದುವೆಯಾಗಿ ಮಕ್ಕಳು ಅಜ್ಜಿಯ ಬಳಿ ಉಳಿದಿದ್ದರೆ, ಪಾಲು ಕೇಳದ ಬೇರೊಬ್ಬರನ್ನು ವಾದಮಿತ್ರರನ್ನಾಗಿ ನೇಮಿಸಬೇಕೆಂದು ನ್ಯಾಯಮಂಡಳಿಯನ್ನು ಮೊದಲೇ ಕೇಳಿಕೊಳ್ಳುವುದು ಲೇಸು. ಇದು ತಾಯಿಯ ಮೇಲೆ ಅನುಮಾನ ಪಡುವ ಮಾತಲ್ಲ. ಮರುಮದುವೆಯಿಂದ ಅವಳ ಸ್ವಂತ ಹಕ್ಕೂ ಅಳಿಯುವುದಿಲ್ಲ.

ಹಂತ 4: ಆದಾಯವನ್ನು ಸಾಬೀತುಪಡಿಸುವುದರಲ್ಲಿ ಹೆಚ್ಚು ಹೊತ್ತು ಕಳೆಯಿರಿ

ಇಡೀ ಲೆಕ್ಕ ನಿಲ್ಲುವುದು ಮೃತರ ತಿಂಗಳ ಆದಾಯದ ಮೇಲೆ. ಸಂಬಳದಾರರಾದರೆ ವೇತನ ಚೀಟಿ, ಫಾರಂ 16, ಬ್ಯಾಂಕ್ ಪಾಸ್‌ಬುಕ್ ಸಾಕು. ಅವನ್ನು ದೃಢಪಡಿಸಲು ಮಾಲೀಕರನ್ನೋ ಲೆಕ್ಕಪತ್ರ ಅಧಿಕಾರಿಯನ್ನೋ ಸಾಕ್ಷಿಯಾಗಿ ಕರೆಸಬೇಕು. ಮೂಲ ವೇತನವನ್ನಷ್ಟೇ ಹಿಡಿದು ಭತ್ಯೆಗಳನ್ನು ಕೈಬಿಡಬೇಕೆಂದು ಎದುರಾಳಿಗಳು ವಾದಿಸುವುದುಂಟು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನ ದುರಂತದ ಒಂದು ಪ್ರಕರಣದಲ್ಲಿ, ಉದ್ಯೋಗದಾತರು ಸಂಬಳವನ್ನು ಬೇರೆ ಬೇರೆ ಶೀರ್ಷಿಕೆಗಳಾಗಿ ಒಡೆಯಲು ನಾನಾ ಕಾರಣಗಳಿರಬಹುದು, ಪರಿಹಾರಕ್ಕೆ ನೋಡಬೇಕಾದ್ದು ನೌಕರನಿಗೆ ಸಲ್ಲಬೇಕಿದ್ದ ಒಟ್ಟು ಆದಾಯ ಎಂಬ ನಿಲುವನ್ನು ಸುಪ್ರೀಂ ಕೋರ್ಟು 2020ರಲ್ಲಿ ತಳೆಯಿತು. ಆ ಕುಟುಂಬದ ಪತ್ನಿ ಮತ್ತು ಮಕ್ಕಳಿಗೆ ಬಂದದ್ದು 7.64 ಕೋಟಿ ರೂಪಾಯಿ.

ಕೂಲಿ, ವ್ಯವಸಾಯ, ಸಣ್ಣ ವ್ಯಾಪಾರದವರ ವಿಷಯ ಕಷ್ಟದ್ದು. ದಾಖಲೆಯಿಲ್ಲದಿದ್ದರೆ ನ್ಯಾಯಮಂಡಳಿ ಒಂದು ಅಂದಾಜು ಆದಾಯವನ್ನು ಹಿಡಿಯುತ್ತದೆ. ನಮ್ಮ ರಾಜ್ಯದಲ್ಲಿ ಕಾನೂನು ಸೇವಾ ಪ್ರಾಧಿಕಾರ ಅಪಘಾತದ ವರ್ಷಕ್ಕೆ ತಕ್ಕಂತೆ ಸಿದ್ಧಪಡಿಸಿದ ಪಟ್ಟಿಯನ್ನು ಹೈಕೋರ್ಟೂ ಅನುಸರಿಸುತ್ತದೆ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆಂದು ತೋರಿಸುವ ಹೊಣೆ ಕುಟುಂಬದ್ದು. ಒಬ್ಬ ಗಾರೆ ಮೇಸ್ತ್ರಿಯ ಮನೆಯವರು ‘ನಮ್ಮಲ್ಲಿ ಏನೂ ಕಾಗದವಿಲ್ಲ’ ಎಂದು ಕೈಚೆಲ್ಲಿ ಕೂತಿದ್ದರು. ಅವರ ಮನೆಯ ದೇವರ ಗೂಡಿನ ಕೆಳಗಿದ್ದ ತಗಡಿನ ಡಬ್ಬಿಯಲ್ಲಿ ಒಂದು ನೂರು ಪುಟದ ನೋಟುಬುಕ್ಕು ಸಿಕ್ಕಿತು. ಸಿಮೆಂಟು ಮೆತ್ತಿ ಪುಟಗಳ ಅಂಚು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ವಾರವಾರಕ್ಕೆ ಎಷ್ಟು ಆಳು, ಯಾರಿಗೆ ಎಷ್ಟು ಬಟವಾಡೆ, ಮನೆ ಕಟ್ಟಿಸುವವರಿಂದ ಬಂದ ಮುಂಗಡ ಎಷ್ಟು, ತನಗೆ ಉಳಿದದ್ದು ಎಷ್ಟು ಎಲ್ಲವೂ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಆ ಪುಸ್ತಕಕ್ಕೆ ಇಬ್ಬರು ಮನೆ ಮಾಲೀಕರ ಸಾಕ್ಷ್ಯವನ್ನು ಜೋಡಿಸಿದಾಗ ಅದೇ ದಾಖಲೆಯಾಯಿತು.

ಹಾಗಾಗಿ ಮನೆಯ ಡಬ್ಬಿ, ಅಟ್ಟ, ಫೋನು ಎಲ್ಲವನ್ನೂ ಹುಡುಕಿ. ಕಟ್ಟಡ ಕಾರ್ಮಿಕರ ಗುರುತಿನ ಚೀಟಿ, ಫೋನ್‌ಪೇ ಜಮೆಗಳು, ಹಾಲಿನ ಡೇರಿಯ ಪುಸ್ತಕ, ಎಪಿಎಂಸಿಯ ತೂಕದ ಚೀಟಿ, ಪಹಣಿ, ಸ್ವಸಹಾಯ ಸಂಘಕ್ಕೆ ತಪ್ಪದೆ ಕಟ್ಟಿದ ಕಂತು, ಮಕ್ಕಳ ಶಾಲೆಯ ಶುಲ್ಕದ ರಸೀದಿ ಇವೆಲ್ಲವೂ ಆದಾಯದ ಕುರುಹುಗಳು. ತಿಂಗಳಿಗೆ 9,000 ರೂಪಾಯಿ ಸಾಲದ ಕಂತು ಕಟ್ಟುತ್ತಿದ್ದವನ ಆದಾಯ 10,000 ಆಗಿರಲಾರದು ಎಂಬುದನ್ನು ಬಿಡಿಸಿ ಹೇಳಬೇಕು. ಹಾಗೆಂದು ಇಲ್ಲದ ಸಂಬಳದ ಪ್ರಮಾಣಪತ್ರವನ್ನು ಯಾರಿಂದಲೋ ಬರೆಸಿ ತರಬೇಡಿ. ಪಾಟೀಸವಾಲಿನಲ್ಲಿ ಅದು ಸುಳ್ಳೆಂದು ತೇಲಿದರೆ ನಿಜವಾದ ದಾಖಲೆಗಳನ್ನೂ ಯಾರೂ ನಂಬುವುದಿಲ್ಲ.

ಹಂತ 5: ಲೆಕ್ಕ ಹಾಕುವ ಕ್ರಮ

ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲೂ 2017ರಲ್ಲಿ ಪ್ರಣಯ್ ಸೇಥಿ ಪ್ರಕರಣದಲ್ಲೂ ಗೊತ್ತುಮಾಡಿದ ಕ್ರಮ ಇದು. ಹೆಜ್ಜೆಗಳನ್ನು ಹಿಂದುಮುಂದು ಮಾಡಬೇಡಿ.

ಮೊದಲು ತಿಂಗಳ ಆದಾಯಕ್ಕೆ ಭವಿಷ್ಯದ ವೃದ್ಧಿಯನ್ನು ಸೇರಿಸಬೇಕು. ಕಾಯಂ ನೌಕರಿಯಿದ್ದವರಿಗೆ 40 ವರ್ಷದೊಳಗೆ ಶೇ. 50, 40ರಿಂದ 50ರ ನಡುವೆ ಶೇ. 30, 50ರಿಂದ 60ರ ನಡುವೆ ಶೇ. 15. ಸ್ವಂತ ಉದ್ಯೋಗ ಅಥವಾ ನಿಗದಿತ ಸಂಬಳದವರಿಗೆ ಇದೇ ವಯೋಮಾನಗಳಿಗೆ ಕ್ರಮವಾಗಿ ಶೇ. 40, 25, 10.

ಎರಡನೆಯದಾಗಿ, ಮೃತರು ತಮ್ಮ ಸ್ವಂತಕ್ಕೆ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲನ್ನು ಕಳೆಯಬೇಕು. ಮಕ್ಕಳ ಹೆಸರು ಒಟ್ಟು ಮೊತ್ತವನ್ನು ಬದಲಿಸುವುದು ಇಲ್ಲಿಯೇ. ವಿವಾಹಿತರಿಗೆ ಆಶ್ರಿತರು ಇಬ್ಬರು ಅಥವಾ ಮೂವರಿದ್ದರೆ ಮೂರರಲ್ಲಿ ಒಂದು ಪಾಲು, ನಾಲ್ಕರಿಂದ ಆರು ಜನರಿದ್ದರೆ ನಾಲ್ಕರಲ್ಲಿ ಒಂದು ಪಾಲು, ಆರಕ್ಕಿಂತ ಹೆಚ್ಚಿದ್ದರೆ ಐದರಲ್ಲಿ ಒಂದು ಪಾಲು ಕಳೆಯುತ್ತಾರೆ. ಮೃತರ ತಂದೆಯನ್ನು ಸಾಮಾನ್ಯವಾಗಿ ಆಶ್ರಿತನೆಂದು ಎಣಿಸುವುದಿಲ್ಲ, ತಾಯಿಯನ್ನು ಎಣಿಸುತ್ತಾರೆ.

ಮೂರನೆಯದು ಗುಣಕ. ವರ್ಷದ ಮೊತ್ತವನ್ನು ಇದರಿಂದ ಗುಣಿಸಬೇಕು. 15ರಿಂದ 25 ವರ್ಷಕ್ಕೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದರ ಮೇಲೆ 5. ಇದು ಮೃತರ ವಯಸ್ಸು. ಹೆಂಡತಿಯದೂ ಅಲ್ಲ, ಮಗುವಿನದೂ ಅಲ್ಲ.

ಕೊನೆಗೆ ನಿಗದಿತ ಮೊತ್ತಗಳು. 2017ರಲ್ಲಿ ಸಾಂಗತ್ಯದ ನಷ್ಟಕ್ಕೆ 40,000, ಆಸ್ತಿಯ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000 ಎಂದು ಗೊತ್ತಾಗಿ, ಮೂರು ವರ್ಷಕ್ಕೊಮ್ಮೆ ಶೇ. 10 ಏರಬೇಕೆಂದಾಯಿತು. ಎರಡು ಏರಿಕೆಯ ಬಳಿಕ ಇವು 48,400, 18,150, 18,150. ಸಾಂಗತ್ಯದ ನಷ್ಟವು ಹೆಂಡತಿಗಷ್ಟೇ ಸೇರಿದ್ದಲ್ಲ. ತಂದೆಯ ಆಸರೆ, ಮಾರ್ಗದರ್ಶನ ಕಳೆದುಕೊಂಡ ಪ್ರತಿ ಮಗುವಿಗೂ ಅದು ಪ್ರತ್ಯೇಕವಾಗಿ ಸಲ್ಲಬೇಕೆಂದು 2018 ಮತ್ತು 2020ರ ತೀರ್ಪುಗಳು ಸ್ಪಷ್ಟಪಡಿಸಿವೆ. ಹಳೆಯ ನಮೂನೆಯನ್ನೇ ನಕಲು ಮಾಡುವ ಅರ್ಜಿಗಳಲ್ಲಿ ಇದು ಇಂದಿಗೂ ಬಿಟ್ಟುಹೋಗುತ್ತಿದೆ.

ಈಗ ಒಂದು ಉದಾಹರಣೆ. ಮೃತನಿಗೆ 34 ವರ್ಷ, ಗಾರೆ ಮೇಸ್ತ್ರಿ, ಸಾಬೀತಾದ ಆದಾಯ ತಿಂಗಳಿಗೆ 20,000 ರೂಪಾಯಿ. ಹೆಂಡತಿ, 9 ವರ್ಷದ ಮಗ, 3 ವರ್ಷದ ಮಗಳು, ವಯಸ್ಸಾದ ತಾಯಿ, ಒಟ್ಟು ನಾಲ್ವರು ಆಶ್ರಿತರು. ಶೇ. 40 ಸೇರಿಸಿದರೆ 28,000. ನಾಲ್ಕರಲ್ಲಿ ಒಂದು ಪಾಲು ಕಳೆದರೆ 21,000. ವರ್ಷಕ್ಕೆ 2,52,000. ಗುಣಕ 16ರಿಂದ ಗುಣಿಸಿದರೆ 40,32,000. ನಾಲ್ವರಿಗೂ ಸಾಂಗತ್ಯದ ನಷ್ಟ 1,93,600, ಉಳಿದೆರಡು ಶೀರ್ಷಿಕೆಗೆ 36,300. ಒಟ್ಟು 42,61,900 ರೂಪಾಯಿ, ಮೇಲೆ ಬಡ್ಡಿ.

ಇದೇ ಲೆಕ್ಕದಲ್ಲಿ ತಪ್ಪುಗಳ ಬೆಲೆಯನ್ನು ನೋಡಿ. 3 ವರ್ಷದ ಮಗಳ ಹೆಸರೊಂದನ್ನು ಬಿಟ್ಟರೆ ಆಶ್ರಿತರು ಮೂವರಾಗಿ ಮೂರರಲ್ಲಿ ಒಂದು ಪಾಲು ಕಡಿತವಾಗುತ್ತದೆ. 40,32,000 ಇದ್ದದ್ದು 35,84,000ಕ್ಕೆ ಇಳಿದು, 4,48,000 ರೂಪಾಯಿ ಹೋಗುತ್ತದೆ. ಇದರ ಜೊತೆಗೆ ಅವಳ 48,400ವೂ ಹೋಗುತ್ತದೆ. ಆಧಾರಿನಲ್ಲಿ ತಪ್ಪಾಗಿ 36 ವರ್ಷವೆಂದಿರುವುದನ್ನು ಒಪ್ಪಿಕೊಂಡರೆ ಗುಣಕ 15 ಆಗಿ 2,52,000 ರೂಪಾಯಿ ನಷ್ಟ. ಭವಿಷ್ಯದ ವೃದ್ಧಿಯನ್ನು ಸೇರಿಸದಿದ್ದರೆ 11,52,000 ನಷ್ಟ. ತಿಂಗಳ ಆದಾಯದಲ್ಲಿ ಒಂದೇ ಒಂದು ಸಾವಿರ ಕಡಿಮೆಯಾದರೆ 2,01,600 ನಷ್ಟ. ಮೇಸ್ತ್ರಿಯ ಆ ನೋಟುಬುಕ್ಕಿನ ಬೆಲೆ ಇದರಿಂದ ತಿಳಿಯುತ್ತದೆ.

ಜೀವವಿಮೆ, ಭವಿಷ್ಯನಿಧಿ, ಕುಟುಂಬ ಪಿಂಚಣಿ ಬಂದಿದೆಯೆಂದು ಪರಿಹಾರವನ್ನು ಕಡಿತ ಮಾಡಲು ಬರುವುದಿಲ್ಲ. ಹೆಂಡತಿಗೆ ಅನುಕಂಪದ ನೌಕರಿ ಸಿಕ್ಕಿದೆ ಎಂಬ ಕಾರಣಕ್ಕೂ ಕಡಿತ ಸಲ್ಲದೆಂದು 2013ರ ತೀರ್ಪು ಇದೆ. ಅರ್ಜಿಯಲ್ಲಿ ಕಡಿಮೆ ಕೇಳಿದ್ದರೂ ನ್ಯಾಯವಾದ ಮೊತ್ತ ಅದಕ್ಕಿಂತ ಹೆಚ್ಚಿದ್ದರೆ ನ್ಯಾಯಮಂಡಳಿ ಹೆಚ್ಚನ್ನೇ ಕೊಡಬಹುದು. ಆದರೂ ಮೊದಲೇ ಸರಿಯಾಗಿ ಕೇಳಿ.

ಹಂತ 6: ತಾಯಿ ತೀರಿದ್ದರೆ, ಇಬ್ಬರೂ ತೀರಿದ್ದರೆ

ಇಬ್ಬರೂ ಒಂದೇ ಬಸ್ಸಿನಲ್ಲಿ ತೀರಿದ್ದರೂ ಎರಡು ಬೇರೆ ಅರ್ಜಿ, ಎರಡು ಬೇರೆ ಲೆಕ್ಕ. ‘ಅವಳು ಮನೆಯಲ್ಲಿದ್ದಳು, ಆದಾಯವೇನಿತ್ತು’ ಎಂದು ತಾಯಿಯ ಹೆಸರಿನಲ್ಲಿ ಅರ್ಜಿಯನ್ನೇ ಹಾಕದ ಅಜ್ಜಂದಿರನ್ನು ನೋಡಿದ್ದೇನೆ. ನೀರು, ಸೌದೆ, ಅಡುಗೆ, ಹಸು, ಮಕ್ಕಳ ಓದು, ಮುದುಕರ ಆರೈಕೆ, ಇಷ್ಟನ್ನೂ ಕೂಲಿಗೆ ಮಾಡಿಸಿದರೆ ಎಷ್ಟಾಗುತ್ತದೆ ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಎತ್ತಿಕೊಂಡಿವೆ. 1989ರ ಮಾರ್ಚ್ 3ರ ಜಮ್ಶೆಡ್‌ಪುರದ ಅಗ್ನಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಕಟ್ಟಿತು. ದೆಹಲಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ದಂಪತಿ ತೀರಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಉಳಿದ ಪ್ರಕರಣದಲ್ಲಿ, 2021ರ ಜನವರಿಯಲ್ಲಿ ಅದೇ ನ್ಯಾಯಾಲಯ ಗೃಹಿಣಿಯ ಅಂದಾಜು ಆದಾಯಕ್ಕೂ ಭವಿಷ್ಯದ ವೃದ್ಧಿ ಸೇರಬೇಕೆಂದಿತು. ಅಪಘಾತವಾದ ಹೊತ್ತಿಗೆ ಯಾರು ಆಶ್ರಿತರಾಗಿದ್ದರೋ ಅವರೇ ಲೆಕ್ಕ. ಪ್ರಕರಣ ನಡೆಯುವಾಗ ಅಜ್ಜಿ ತೀರಿಕೊಂಡರೆಂದು ಮೊತ್ತ ಇಳಿಯಬಾರದು ಎಂಬುದನ್ನೂ ಆ ತೀರ್ಪೇ ಹೇಳಿತು.

ಮೇಲಿನ ಉದಾಹರಣೆಯ ಮಕ್ಕಳ ತಾಯಿಯೂ 29ನೇ ವಯಸ್ಸಿನಲ್ಲಿ ತೀರಿದ್ದಳೆಂದೂ ಅವಳ ಅಂದಾಜು ಆದಾಯವನ್ನು 12,000 ಎಂದು ಹಿಡಿದರೆಂದೂ ಇಟ್ಟುಕೊಳ್ಳಿ. ಶೇ. 40 ಸೇರಿ 16,800, ಇಬ್ಬರೇ ಆಶ್ರಿತರಾದ್ದರಿಂದ ಮೂರರಲ್ಲಿ ಒಂದು ಪಾಲು ಹೋಗಿ 11,200, ವರ್ಷಕ್ಕೆ 1,34,400, ಗುಣಕ 17. ಒಟ್ಟು 22,84,800 ರೂಪಾಯಿ. ಅರ್ಜಿ ಹಾಕದಿದ್ದರೆ ಮಕ್ಕಳು ಕಳೆದುಕೊಳ್ಳುವುದು ಇಷ್ಟನ್ನು.

ಹಂತ 7: ಮಕ್ಕಳ ಪಾಲನ್ನು ಕಾರಣ ಕೊಟ್ಟು ಕೇಳಿ

ಒಟ್ಟು ಮೊತ್ತ ನ್ಯಾಯವಾಗಿದ್ದರೂ ಹಂಚಿಕೆ ಅನ್ಯಾಯವಾಗಬಹುದು. ಹಂಚಿಕೆಗೆ ಕಾನೂನಿನಲ್ಲಿ ಸೂತ್ರವಿಲ್ಲ, ಅದು ನ್ಯಾಯಮಂಡಳಿಯ ವಿವೇಚನೆ. ಯಾರೂ ಏನೂ ಹೇಳದಿದ್ದರೆ ವಾಡಿಕೆಯ ಶೇಕಡಾವಾರು ಬಂದುಬಿಡುತ್ತದೆ. ಆದ್ದರಿಂದ ಪ್ರತಿ ಮಗುವಿಗೂ ಒಂದು ಪುಟ ಬರೆದು ಕೊಡಿ: ವಯಸ್ಸು, ತರಗತಿ, ಆರೋಗ್ಯ, ದುಡಿಮೆಗೆ ನಿಲ್ಲಲು ಇನ್ನೆಷ್ಟು ವರ್ಷ ಬೇಕು, ಯಾರ ಮನೆಯಲ್ಲಿದೆ.

ಮೇಲಿನ ಉದಾಹರಣೆಯ 40,32,000ದಲ್ಲಿ ಹೆಂಡತಿಗೆ ಶೇ. 45, ಮೃತನ ತಾಯಿಗೆ ಶೇ. 10, ಮಕ್ಕಳಿಬ್ಬರಿಗೂ ಸೇರಿ ಶೇ. 45 ಎಂದು ಕೇಳಿದರೆ ಮಕ್ಕಳಿಗೆ ಬರುವುದು 18,14,400. 21 ವರ್ಷ ತುಂಬುವವರೆಗೆ ಎಂದು ಹಿಡಿದರೆ ಮಗನಿಗೆ 12 ವರ್ಷ, ಮಗಳಿಗೆ 18 ವರ್ಷ ಬಾಕಿಯಿದೆ. ಆ ಅನುಪಾತದಲ್ಲಿ ಮಗನಿಗೆ 7,25,760, ಮಗಳಿಗೆ 10,88,640. ಚಿಕ್ಕವಳ ಠೇವಣಿಗೆ ಬಡ್ಡಿ ಬೆಳೆಯಲು ಹೆಚ್ಚು ಕಾಲವಿದೆ, ದೊಡ್ಡವನ ಕಾಲೇಜು ಖರ್ಚು ಹತ್ತಿರದಲ್ಲಿದೆ ಎಂಬ ಎದುರು ವಾದಕ್ಕೂ ತೂಕವಿದೆ. ಅದನ್ನು ಒಪ್ಪಿ ಸಮನಾಗಿ ಹಂಚಿದರೂ ನಾನು ತಕರಾರು ಮಾಡುವುದಿಲ್ಲ. ಒಪ್ಪಲಾಗದ್ದು ಕಾರಣವಿಲ್ಲದ ವ್ಯತ್ಯಾಸ. ‘ಅವಳು ಮದುವೆಯಾಗಿ ಹೋಗುವವಳು’ ಎಂದು ಹೆಣ್ಣುಮಗುವಿನ ಪಾಲು ಇಳಿಸುವುದು, ಮೊದಲ ಸಂಸಾರದ ಮಗುವಿಗೆ ನೆಪಕ್ಕೊಂದು ಲಕ್ಷ ಬರೆಯುವುದು, ಇವುಗಳನ್ನು ಕರಡು ಹಂತದಲ್ಲೇ ತಡೆಯಬೇಕು. ಅಂಗವೈಕಲ್ಯವಿರುವ ಮಗುವಿಗೆ 21 ವರ್ಷದ ಗಡಿ ಅನ್ವಯಿಸದು. ಅದರ ಪಾಲನ್ನು ಜೀವನಪೂರ್ತಿ ಆಶ್ರಯದ ಲೆಕ್ಕದಲ್ಲಿ, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರದೊಂದಿಗೆ ಕೇಳಬೇಕು.

ಹಂತ 8: ರಾಜಿಗೆ ಒಪ್ಪುವ ಮುನ್ನ ನೋಡಬೇಕಾದ ಅಪಾಯದ ಲಕ್ಷಣಗಳು

ತಿಥಿ ಮುಗಿಯುವ ಮುನ್ನವೇ ಮನೆಗೆ ಬಂದು ಖಾಲಿ ವಕಾಲತ್ತಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳುವ ದಲ್ಲಾಳಿಯನ್ನು ಹೊರಗೇ ಕಳುಹಿಸಿ. ಬಂದ ಪರಿಹಾರದಲ್ಲಿ ಇಂತಿಷ್ಟು ಶೇಕಡಾ ಶುಲ್ಕ ಎಂಬ ಕರಾರು ವಕೀಲರ ವೃತ್ತಿ ನಿಯಮಕ್ಕೆ ವಿರುದ್ಧವಾದದ್ದು. ‘ಮಕ್ಕಳ ಹೆಸರು ಬೇಡ, ತೊಂದರೆ’ ಎಂದು ಯಾರಾದರೂ ಹೇಳಿದರೆ ಐದನೆಯ ಹಂತದ ಲೆಕ್ಕವನ್ನು ಅವರ ಮುಂದಿಟ್ಟು ಉತ್ತರ ಕೇಳಿ. ನಿಮ್ಮ ಪಾಸ್‌ಬುಕ್ಕನ್ನೂ ಎಟಿಎಂ ಕಾರ್ಡನ್ನೂ ಬೇರೆಯವರು ಇಟ್ಟುಕೊಳ್ಳುತ್ತೇವೆಂದರೆ ಆ ಕ್ಷಣವೇ ಎಚ್ಚರವಾಗಿ.

ಲೋಕ ಅದಾಲತ್ತಿನಲ್ಲಿ ಬೇಗ ಇತ್ಯರ್ಥವಾಗುತ್ತದೆ ನಿಜ, ಆದರೆ ಅಲ್ಲಿನ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಕುಳಿತುಕೊಳ್ಳುವ ಮುನ್ನ ನಿಮ್ಮ ಲೆಕ್ಕದ ಹಾಳೆ ಕೈಯಲ್ಲಿರಲಿ, ವಿಮಾ ಕಂಪನಿ ಹೇಳುವ ಮೊತ್ತ ಎಲ್ಲಿ, ಯಾವ ಹೆಜ್ಜೆಯಲ್ಲಿ ಕಡಿಮೆಯಾಯಿತೆಂದು ಕೇಳಿ. ಅಪ್ರಾಪ್ತ ಮಗುವಿನ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅನುಮತಿ ಕಡ್ಡಾಯ. ಆ ರಾಜಿಯಿಂದ ಮಗುವಿಗೇ ಹಿತವೆಂದು ಮನವರಿಕೆಯಾದರೆ ಮಾತ್ರ ಅನುಮತಿ ಸಿಗುತ್ತದೆ. ರಾಜಿ ಪತ್ರದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದರ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲೇಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ದಲ್ಲಾಳಿಯ ಕೈಗೆ ಸಿಕ್ಕಿಬೀಳಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಸಾಮೂಹಿಕ ದುರಂತದ ಸಂತ್ರಸ್ತರಿಗೆ ಉಚಿತ ಕಾನೂನು ನೆರವಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ನ್ಯಾಯಮಂಡಳಿಯ ಆದೇಶ ಕಡಿಮೆಯೆನಿಸಿದರೆ ಹೈಕೋರ್ಟಿಗೆ 90 ದಿನಗಳೊಳಗೆ ಮೇಲ್ಮನವಿ. ಆದೇಶದ ಪ್ರತಿ ಸಿಕ್ಕ ದಿನವೇ ಆಶ್ರಿತರ ಸಂಖ್ಯೆ, ಕಡಿತ, ಗುಣಕ, ಪ್ರತಿ ಮಗುವಿನ ಸಾಂಗತ್ಯದ ಮೊತ್ತ ಇವು ನಾಲ್ಕನ್ನು ಗೆರೆ ಎಳೆದು ಪರೀಕ್ಷಿಸಿ.

ಹಂತ 9: ಠೇವಣಿಗೆ ಹೆದರಬೇಡಿ, ಅದನ್ನು ಬಳಸುವುದನ್ನು ಕಲಿಯಿರಿ

ಮಗುವಿನ ಪಾಲನ್ನು ಅದು ಪ್ರಾಪ್ತ ವಯಸ್ಸಿಗೆ ಬರುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂಬ ಕ್ರಮವನ್ನು ಸುಪ್ರೀಂ ಕೋರ್ಟು 1990ರ ದಶಕದ ಆರಂಭದಲ್ಲೇ ಹಾಕಿಕೊಟ್ಟಿತು. ನ್ಯಾಯಮಂಡಳಿಯ ಅನುಮತಿಯಿಲ್ಲದೆ ಅದರ ಮೇಲೆ ಸಾಲವಾಗಲಿ, ಅವಧಿಗೆ ಮುನ್ನ ಹಿಂಪಡೆಯುವುದಾಗಲಿ ಸಾಧ್ಯವಿಲ್ಲ. ಕುಟುಂಬಗಳು ಹೆದರುವುದು ಇದಕ್ಕೇ, ಆದರೆ ದುಡ್ಡು ಸತ್ತಂತೆ ಬಿದ್ದಿರಬೇಕಿಲ್ಲ. ತಿಂಗಳಿಗೋ ಮೂರು ತಿಂಗಳಿಗೋ ಬಡ್ಡಿಯನ್ನು ಮಗುವಿನ ಪಾಲನೆಗಾಗಿ ತಾಯಿಯ ಖಾತೆಗೆ ಬಿಡಬೇಕೆಂದು ಆದೇಶವಾಗುವ ಮುನ್ನವೇ ಮನವಿ ಮಾಡಿಕೊಳ್ಳಿ, ಏಕೆಂದರೆ ಆದೇಶದಲ್ಲಿ ಆ ಸಾಲು ಇಲ್ಲದಿದ್ದರೆ ಬ್ಯಾಂಕಿನವರು ಬಿಡುವುದಿಲ್ಲ. ಶಾಲೆಯ ಶುಲ್ಕ, ಶಸ್ತ್ರಚಿಕಿತ್ಸೆ, ಹಾಸ್ಟೆಲು ಮುಂತಾದ ದೊಡ್ಡ ಖರ್ಚು ಬಂದಾಗ ಸಂಸ್ಥೆಯ ಶುಲ್ಕ ಪತ್ರ ಅಥವಾ ಆಸ್ಪತ್ರೆಯ ಅಂದಾಜು ಪಟ್ಟಿಯೊಂದಿಗೆ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಬೇಕಾದಷ್ಟನ್ನು ಬಿಡುಗಡೆ ಮಾಡುತ್ತಾರೆ. ಶುಲ್ಕದ ಕೊನೆಯ ದಿನಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಅರ್ಜಿ ಹೋಗಬೇಕು. ಹಿಂದಿನ ದಿನ ಓಡಿಬಂದರೆ ಯಾರ ಕೈಯಲ್ಲೂ ಆಗದು.

ಠೇವಣಿಯ ರಸೀದಿಯಲ್ಲಿ ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿರುವಂತೆಯೇ ಇದೆಯೇ, ಜನ್ಮ ದಿನಾಂಕ ಸರಿಯಿದೆಯೇ ಎಂದು ನೋಡಿ. ಅವಧಿ ಮುಗಿದಾಗ ತಾನಾಗಿ ಮುಂದುವರಿಯುವಂತೆ ಸೂಚನೆ ಕೊಟ್ಟಿರಿ. ಪ್ರಕರಣದ ಸಂಖ್ಯೆ, ಆದೇಶದ ದಿನಾಂಕ, ಬ್ಯಾಂಕಿನ ಶಾಖೆ, ಠೇವಣಿಯ ಸಂಖ್ಯೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಮಗುವಿನ ಜನನ ಪ್ರಮಾಣಪತ್ರದ ಜೊತೆ ಒಂದೇ ಲಕೋಟೆಯಲ್ಲಿಟ್ಟು, ಮಗುವಿಗೆ ಓದಲು ಬಂದ ವಯಸ್ಸಿನಲ್ಲಿ ತೋರಿಸಿ. 18 ತುಂಬಿದ ದಿನ ಆ ಲಕೋಟೆ ಹಿಡಿದು ನ್ಯಾಯಮಂಡಳಿಗೆ ಹೋಗಬೇಕಾದವರು ಅವರೇ.